67 ಮಿಲಿವ್ಯಾಟಿನ ಪ್ರಕರಣ

ವಿದ್ಯುತ್ ಕೊಟ್ಟ ಕ್ಷಣದಲ್ಲೇ ಟಚ್‌ಸ್ಕ್ರೀನ್ ಚಿಪ್ ಕೆಲಸಕ್ಕೆ ಸಿದ್ಧವಾಗುವುದಿಲ್ಲ. ವೋಲ್ಟೇಜ್ ಏರಿ ಒಂದು ಮಟ್ಟದಲ್ಲಿ ನಿಲ್ಲಬೇಕು, ರೀಸೆಟ್ ಬಿಡುಗಡೆಯಾಗಬೇಕು, ಚಿಪ್ಪಿನೊಳಗಿನ ಪುಟ್ಟ ಫರ್ಮ್‌ವೇರ್ ಓಡಲು ಶುರುವಾಗಬೇಕು. ಅಷ್ಟರೊಳಗೆ ಡ್ರೈವರ್ ಮಾತಾಡಿಸಿದರೆ ಐ2ಸಿ ತಂತಿಯ ಆಚೆ ಬದಿಯಿಂದ ಸದ್ದಿಲ್ಲ. ಅಲ್ಲಿ ಚಿಪ್ಪೇ ಇಲ್ಲವೆಂದುಕೊಂಡು ಡ್ರೈವರ್ ಕೈಬಿಡುತ್ತದೆ. ಬಂದ ನೆಂಟರು ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲವೆಂದು ಬಾಗಿಲು ಹಾಕಿಕೊಂಡ ಹಾಗೆ. ಕೊಂಡವರ ಕೈಯಲ್ಲಿ ಉಳಿಯುವುದು ಚಿತ್ರ ತೋರಿಸುವ, ಬೆರಳಿಗೆ ಓಗೊಡದ ಗಾಜು.

ಹೀಗಾಗಿ ಡ್ರೈವರ್ ಬರೆಯುವವರು ಕಾಯುವ ಸಾಲುಗಳನ್ನು ಬರೆಯುತ್ತಾರೆ. ಲಿನಕ್ಸ್ ಕರ್ನಲ್‌ನಲ್ಲಿ ಗುಡಿಕ್ಸ್ ಕಂಪನಿಯ ಚಿಪ್ಪುಗಳಿಗಿರುವ ಡ್ರೈವರ್ ತೆಗೆದು ನೋಡಿ. ರೀಸೆಟ್ ಲೈನ್ ಕೆಳಗಿಳಿಸಿ 20 ಮಿಲಿಸೆಕೆಂಡ್ ಕಾಯುತ್ತದೆ. ಕನಿಷ್ಠ ಬೇಕಿರುವುದು 10ಕ್ಕಿಂತ ಹೆಚ್ಚು ಎಂಬ ಟಿಪ್ಪಣಿ ಅದೇ ಸಾಲಿನಲ್ಲಿದೆ. ಆಮೇಲೆ ಇಂಟರಪ್ಟ್ ಪಿನ್ನನ್ನು ಮೇಲೋ ಕೆಳಗೋ ಹಿಡಿಯುತ್ತದೆ; ಚಿಪ್ ಯಾವ ಐ2ಸಿ ವಿಳಾಸದಲ್ಲಿ ಕೂರಬೇಕೆಂಬುದು ಅದರಿಂದ ನಿರ್ಧಾರವಾಗುತ್ತದೆ. 100 ಮೈಕ್ರೊಸೆಕೆಂಡಿಗಿಂತ ಹೆಚ್ಚು ಕಾದು ರೀಸೆಟ್ ಬಿಡುವುದು, ಮತ್ತೆ 5 ಮಿಲಿಸೆಕೆಂಡಿಗಿಂತ ಹೆಚ್ಚು, ಕೊನೆಗೆ 50. ಒಂದೊಂದು ಕಾಯುವಿಕೆಯ ಪಕ್ಕದಲ್ಲೂ ಅದು ಯಾವ ಹಂತದ ಅವಧಿ ಎಂಬ ಗುರುತಿದೆ. ಆ ಕೆಲವೇ ಅಕ್ಷರಗಳ ಟಿಪ್ಪಣಿಗಳನ್ನು ನಾನು ಸೌಜನ್ಯವೆಂದಲ್ಲ, ಕರ್ತವ್ಯವೆಂದೇ ಎಣಿಸುತ್ತೇನೆ. ಏಕೆಂದು ಒಂದು ಪ್ರಕರಣದ ಮೂಲಕ ಹೇಳಬೇಕು.

ಗುಡಿಕ್ಸ್‌ನದೇ ಜಿಟಿ7375ಪಿ ಎಂಬ ಚಿಪ್ ಕೆಲವು ಕ್ರೋಮ್‌ಬುಕ್‌ಗಳಲ್ಲಿದೆ. ಅದಕ್ಕೆಂದೇ ಬರೆದ ಡ್ರೈವರ್ 2021ರಲ್ಲಿ ಕರ್ನಲ್ ಸೇರಿತು. ರೀಸೆಟ್ ಬಿಟ್ಟ ಮೇಲೆ 180 ಮಿಲಿಸೆಕೆಂಡ್ ಕಾಯಬೇಕೆಂಬುದು ಅದರಲ್ಲೇ ಇದೆ. ಲ್ಯಾಪ್‌ಟಾಪ್ ನಿದ್ದೆಗೆ ಹೋಗುವಾಗ ಡ್ರೈವರ್ ರೀಸೆಟ್ ಒತ್ತಿ ಹಿಡಿದು, ಚಿಪ್ಪಿಗೆ ವಿದ್ಯುತ್ ಕೊಡುವ ರೆಗ್ಯುಲೇಟರನ್ನು ಬಿಟ್ಟುಬಿಡುತ್ತಿತ್ತು. ರೆಗ್ಯುಲೇಟರ್ ಈ ಚಿಪ್ಪೊಂದಕ್ಕೇ ಮೀಸಲಾಗಿದ್ದು, ಆಗ ನಿಜಕ್ಕೂ ಆರಿದರೆ ಇದು ಸರಿ. ಆದರೆ ಅದನ್ನು ಬೇರೊಂದು ಭಾಗವೂ ಹಂಚಿಕೊಂಡಿರಬಹುದು. ಅಥವಾ ಅದು ಎಂದೂ ಆರದ ಬಗೆಯದಿರಬಹುದು. ಆಗ ಚಿಪ್ಪಿಗೆ ವಿದ್ಯುತ್ ಬರುತ್ತಲೇ ಇರುತ್ತದೆ, ರೀಸೆಟ್ ಒತ್ತಿಯೇ ಇರುತ್ತದೆ. ಈ ಸ್ಥಿತಿಯಲ್ಲಿ ಹೆಚ್ಚುವರಿಯಾಗಿ 67 ಮಿಲಿವ್ಯಾಟ್ ಸೋರುತ್ತದೆಂದು ಕಂಡುಬಂತು. ಮುಚ್ಚಿಟ್ಟ ಲ್ಯಾಪ್‌ಟಾಪಿನಲ್ಲಿ ಒಂದು ಹಗಲು ಒಂದು ರಾತ್ರಿಗೆ ಲೆಕ್ಕ ಹಾಕಿದರೆ ಸುಮಾರು 1.6 ವ್ಯಾಟ್-ಅವರ್. ಯಾರೂ ಮುಟ್ಟದ ಗಾಜಿಗಾಗಿ ಬ್ಯಾಟರಿ ದಿನವೂ ತೆರುವ ಕಂದಾಯ ಅದು.

ಅದೇ ವರ್ಷ ತಿದ್ದುಪಡಿ ಬಂತು: ರೀಸೆಟ್ ಲೈನ್ ಡ್ರೈವರಿನ ಊಹೆಯಂತೆ ಅಲ್ಲ, ರೆಗ್ಯುಲೇಟರಿನ ನಿಜಸ್ಥಿತಿಯಂತೆ ನಡೆಯಲಿ, ವಿದ್ಯುತ್ ನಿಜವಾಗಿ ಹೋಗುವಾಗ ಮಾತ್ರ ರೀಸೆಟ್ ಒತ್ತಲಿ. ತಿದ್ದುಪಡಿಯ ಜೊತೆಗಿನ ವಿವರಣೆಯಲ್ಲಿ ರೆಗ್ಯುಲೇಟರಿನ ಮೂರೂ ಸಾಧ್ಯತೆಗಳಿದ್ದವು, 67ರ ಅಂಕಿಯೂ ಇತ್ತು.

ಆಮೇಲೆ ಇವೋಕರ್ ಎಂಬ ಸಂಕೇತನಾಮದ ಬೋರ್ಡ್ ಬಂತು. ಅದರಲ್ಲಿ ಟಚ್‌ಸ್ಕ್ರೀನಿಗೆ ಇನ್ನೊಂದು ವಿದ್ಯುತ್ ಮೂಲವೂ ಇದ್ದುದರಿಂದ, ರೆಗ್ಯುಲೇಟರ್ ಕೊಡುವ ಸೂಚನೆಗಳ ಬೆನ್ನುಹತ್ತುವ ಈ ವ್ಯವಸ್ಥೆ ತೊಡಕಾಯಿತು. ಈ ಏರ್ಪಾಟೇ ಅನಗತ್ಯವೆಂದು ಕಂಡು 2023ರಲ್ಲಿ ಅದನ್ನು ತೆಗೆದರು. ತೆಗೆದದ್ದೇ ತಡ, ಸ್ಟೀಲಿಕ್ಸ್ ಎಂಬ ಮತ್ತೊಂದು ಕ್ರೋಮ್‌ಬುಕ್‌ನಲ್ಲಿ ಸೋರಿಕೆ ಮರಳಿತು. ಅದರ ಟಚ್‌ಸ್ಕ್ರೀನಿಗೆ ಇದ್ದದ್ದು ಎಂದೂ ಆರದ ರೆಗ್ಯುಲೇಟರ್. ಅದು ಪ್ರಯೋಗಾಲಯದ ಮಾದರಿಯಲ್ಲ, ಆಗಲೇ ಜನರ ಕೈ ಸೇರಿದ್ದ ಯಂತ್ರ.

ತಪ್ಪು ಯಾರದು? ಸೋಮಾರಿತನ ಇಲ್ಲಿ ಎಲ್ಲೂ ಇಲ್ಲ. ತೊಡಕಿನ ಕೋಡನ್ನು ಕಿತ್ತುಹಾಕುವುದು ಒಳ್ಳೆಯ ಕೆಲಸವೇ. ಎಡವಿದ್ದು ‘ಅನಗತ್ಯ’ ಎಂಬ ತೀರ್ಪಿನಲ್ಲಿ. ತನ್ನ ಕಣ್ಣಿಗೆ ಬಿದ್ದ ಬೋರ್ಡುಗಳಿಗೆ ಬೇಡವಾದದ್ದು ಯಾರಿಗೂ ಬೇಡ ಎಂದುಕೊಳ್ಳುವುದು ಸಜ್ಜನರೂ ಸುಲಭವಾಗಿ ಮಾಡುವ ಅನ್ಯಾಯ. ಅದರ ಬೆಲೆ ತೆರುವವರು ಆ ಮಾತುಕತೆಯಲ್ಲಿ ಇರುವುದೇ ಇಲ್ಲ. ತಮ್ಮ ಬ್ಯಾಟರಿ ಯಾಕೆ ಬೇಗ ಇಳಿಯುತ್ತಿದೆ ಎಂದು ಅವರಿಗೆ ತಿಳಿಯುವ ದಾರಿಯೂ ಇಲ್ಲ.

ಈ ಪ್ರಕರಣ ಬೇಗ ಸರಿಹೋಗಿದ್ದಕ್ಕೆ ಆ ಹಳೆಯ ವಿವರಣೆಗೆ ದೊಡ್ಡ ಪಾಲು ಸಲ್ಲಬೇಕೆಂಬುದು ನನ್ನ ಎಣಿಕೆ. ಯಾವ ಸ್ಥಿತಿಗಾಗಿ ಏನನ್ನು ಮಾಡಿದ್ದೆಂದು ಅದು ಹೇಳುತ್ತಿತ್ತು. ಕಾರಣ ಬರೆಯದೆ ಬಿಟ್ಟ ಒಂಟಿ ಸಾಲನ್ನು ನೆನೆಯಿರಿ: ‘100 ಮಿಲಿಸೆಕೆಂಡ್ ಕಾಯಿ’. ಮುಂದೆ ಬರುವವರಿಗೆ ಅದು ಚಿಪ್ಪಿನ ಬೇಡಿಕೆಯೋ, ಕೆಟ್ಟ ಕೆಪ್ಯಾಸಿಟರಿನ ಪರಿಹಾರವೋ, ಯಾರೋ ಗಡಿಬಿಡಿಯಲ್ಲಿ ಹಾಕಿದ ಅಂದಾಜೋ ಗೊತ್ತಾಗದು. ಹೆದರಿ ಉಳಿಸಿಕೊಳ್ಳಬೇಕು, ಇಲ್ಲವೇ ಧೈರ್ಯ ಮಾಡಿ ಅಳಿಸಬೇಕು. ತಿಳಿದು ನಿರ್ಧರಿಸುವ ಹಕ್ಕನ್ನೇ ಅವರಿಂದ ಕಿತ್ತುಕೊಂಡಂತಾಯಿತು.

ಹಾಗೆಂದು ಹೆಚ್ಚು ಕಾಯುವುದೇ ಧರ್ಮವೂ ಅಲ್ಲ. ಮುಚ್ಚಳ ತೆರೆದಾಗಲೆಲ್ಲ ಆ 180 ಮಿಲಿಸೆಕೆಂಡ್ ಕಳೆಯಬೇಕು. ‘ಇರಲಿ, ಕ್ಷೇಮ’ ಎಂದು ಅದನ್ನು 500 ಮಾಡಿದರೆ, ತನ್ನ ಅನುಮಾನಕ್ಕೆ ಪ್ರತಿಯೊಬ್ಬ ಬಳಕೆದಾರನಿಂದ ಸಮಯ ವಸೂಲಿ ಮಾಡಿದ ಹಾಗೆ. ಇನ್ನೊಂದು ಅಪಾಯ ಇದಕ್ಕಿಂತ ಗುಟ್ಟಿನದು. ಕರ್ನಲ್‌ನ ಟೈಮರ್ ಸೆಕೆಂಡಿಗೆ 100 ಬಾರಿ ಮಿಡಿಯುವಂತಿದ್ದರೆ, 5 ಮಿಲಿಸೆಕೆಂಡ್ ಮಲಗು ಎಂದ ಸಾಲು 10, 20 ಮಿಲಿಸೆಕೆಂಡ್ ಮಲಗಿಬಿಡುತ್ತದೆ. ಚಿಪ್ಪಿಗೆ ನಿಜಕ್ಕೂ ಬೇಕಿದ್ದದ್ದು 8 ಇದ್ದರೂ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಟೈಮರನ್ನು 1000ಕ್ಕೆ ಏರಿಸಿದ ದಿನ ಟಚ್ ಸಾಯುತ್ತದೆ. ಬೂಟ್‌ಲೋಡರ್ ಮೊದಲೇ ಪರದೆಗೆ ವಿದ್ಯುತ್ ಕೊಟ್ಟಿದ್ದರೂ ಇದೇ ಕಥೆ: ಮೇಜಿನ ಮೇಲೆ ನೂರು ಸಲ ರೀಬೂಟ್ ಮಾಡಿದರೂ ಕೊರತೆ ಕಾಣದು, ಚಿಪ್ ಆರಿದ್ದರೆ ತಾನೆ ಏಳುವುದು ತಡವಾಗಲು! ಪೂರ್ತಿ ಆರಿ ತಣ್ಣಗಾದ ಯಂತ್ರದಲ್ಲಿ ಮಾತ್ರ ಸತ್ಯ ಹೊರಬೀಳುತ್ತದೆ.

ಸ್ಟೀಲಿಕ್ಸ್‌ಗೆ ದೊರೆತ ಪರಿಹಾರ ನನಗೆ ನ್ಯಾಯವಾಗಿ ಕಾಣುತ್ತದೆ. ತೆಗೆದುಹಾಕಿದ್ದ ತೊಡಕನ್ನು ಎಲ್ಲರ ಮೇಲೆ ಮತ್ತೆ ಹೇರಲಿಲ್ಲ. ಬೋರ್ಡಿನಲ್ಲಿ ಏನನ್ನು ಹೇಗೆ ಜೋಡಿಸಿದೆ ಎಂದು ಹೇಳುವ ಡಿವೈಸ್ ಟ್ರೀಯಲ್ಲಿ, ನಿದ್ದೆಯ ಹೊತ್ತಿನಲ್ಲಿ ರೀಸೆಟ್ ಒತ್ತಬೇಡ ಎನ್ನುವ ಒಂದು ಹೊಸ ಗುಣವನ್ನು ಸೇರಿಸಿದರು. ರೀಸೆಟ್ ನಂತರ ಎಷ್ಟು ಕಾಯಬೇಕೆಂಬುದು ಚಿಪ್ಪಿನ ಸ್ವಭಾವ, ಅದು ಡ್ರೈವರಿನಲ್ಲೇ ಉಳಿಯಿತು. ವಿದ್ಯುತ್ ಎಂದೂ ಆರುವುದಿಲ್ಲ ಎಂಬುದು ಬೋರ್ಡಿನ ಸಂಗತಿ, ಅದನ್ನು ಬೋರ್ಡ್ ಮಾಡಿದವರೇ ಹೇಳುವಂತಾಯಿತು. ಬಲ್ಲವರ ಬಾಯಿಗೆ ಮಾತು ಸೇರಿತು.

ಬೆಂಗಳೂರಿನ ಕಚೇರಿಗಳಲ್ಲಿ ಇಂಥ ಸಾಲುಗಳನ್ನು ಬರೆಯುವ, ಅಳಿಸುವ ಕನ್ನಡಿಗರು ಇದ್ದೀರಿ. ಕಾಯುವ ಸಾಲೊಂದನ್ನು ಮುಟ್ಟುವ ಮೊದಲು ಯಂತ್ರವನ್ನು ಪೂರ್ತಿ ಆರಿಸಿ, ಬ್ಯಾಟರಿ ಬಿಚ್ಚಿಟ್ಟು ಒಮ್ಮೆ ಪರೀಕ್ಷಿಸಿ. ಅದೇ ಡ್ರೈವರ್ ಬಳಸುವ ಬೇರೆ ಬೋರ್ಡುಗಳ ಡಿವೈಸ್ ಟ್ರೀ ತೆರೆದು ನೋಡಿ. ಸಂಖ್ಯೆ ಎಲ್ಲಿಂದ ಬಂತೆಂದು ಪಕ್ಕದಲ್ಲೇ ಬರೆಯಿರಿ. ಅಳತೆ ಮಾಡಿದ್ದೋ, ಡೇಟಾಶೀಟಿನದೋ, ಬರೀ ಅಂದಾಜೋ ಎಂಬುದನ್ನೂ ಬರೆಯಿರಿ.