ಗೋಸುಂಬೆಯ ಬಣ್ಣವೂ ನಮ್ಮ ದಯೆಯೂ



ಮನುಷ್ಯನನ್ನು ನಿಂದಿಸಬೇಕಾದಾಗ ಪ್ರಾಣಿಗಳ ಹೆಸರನ್ನು ಎರವಲು ತರುವುದು ನಮ್ಮ ವಾಡಿಕೆ. ಮೊಂಡನಾದವನು ಕೋಣ, ಕಪಟಿಯಾದವನು ನರಿ, ಸಮಯಕ್ಕೊಂದು ಮಾತನಾಡುವವನು ಗೋಸುಂಬೆ. ಕೋಣಕ್ಕೂ ನರಿಗೂ ಈ ಮಾತು ಎಷ್ಟುಮಟ್ಟಿಗೆ ಸಲ್ಲುವುದೋ ನಾನರಿಯೆ. ಗೋಸುಂಬೆಗೆ ಮಾತ್ರ ಎಳ್ಳಷ್ಟೂ ಸಲ್ಲದೆಂಬುದನ್ನು ಒಂದು ಜೀವ ಹೋದ ಮೇಲೆ ಕಲಿತೆನು. ಆ ಕಥೆಯನ್ನು ನಿಮ್ಮ ಮುಂದೆ ಒಪ್ಪಿಸುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ. ಏಕೆಂದರೆ ಇದೇ ವೇದಿಕೆಗಳಲ್ಲಿ ಕುಳಿತು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ಮೂಕಪ್ರಾಣಿಯನ್ನು ನಿಂದಿಸಿದವನು ನಾನು. ಶ್ರಾವಣದ ಪ್ರವಚನದಲ್ಲಿ ಅಂತರಂಗ ಬಹಿರಂಗಗಳ ಏಕತೆಯನ್ನು ವಿವರಿಸುವಾಗಲೆಲ್ಲ, ಹಣೆಯಲ್ಲಿ ವಿಭೂತಿ, ಮನದಲ್ಲಿ ಮತ್ಸರ ಇಟ್ಟುಕೊಂಡವನಿಗೆ ಗೋಸುಂಬೆಯ ದೃಷ್ಟಾಂತವನ್ನೇ ಕೊಡುತ್ತಿದ್ದೆನು. ಕೇಳಿದವರು ನಗುತ್ತಿದ್ದರು. ನಗೆ ಬಂದ ದೃಷ್ಟಾಂತವನ್ನು ಯಾವ ಮೇಷ್ಟ್ರೂ ಬಿಡುವುದಿಲ್ಲ.

ನಾಲ್ಕು ವರ್ಷಗಳ ಹಿಂದಿನ ಕಾರ್ತಿಕ ಮಾಸ. ಕೊಳಗಲ್ಲಿನ ಸಮೀಪದ ಹೊಲಗಳ ಬದುವಿನಲ್ಲಿ ದಟ್ಟವಾಗಿ ಬೆಳೆದಿದ್ದ ಬಳ್ಳಾರಿ ಜಾಲಿಯನ್ನು ಯಂತ್ರ ತರಿಸಿ ಕೀಳಿಸುತ್ತಿದ್ದರು. ನಮ್ಮ ಶಾಲೆಯ ವಸತಿನಿಲಯದಲ್ಲಿದ್ದ ಆರನೆಯ ತರಗತಿಯ ಹುಡುಗನೊಬ್ಬನು ಉರುಳಿದ ಕೊಂಬೆಗಳ ನಡುವಿನಿಂದ ಒಂದು ಗೋಸುಂಬೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದನು. ಎಲೆಹಸಿರಿನ ಮೈ, ಸುರುಳಿಯಾದ ಬಾಲ, ಒಂದು ಮುಂದಕ್ಕೆ ನೋಡಿದರೆ ಇನ್ನೊಂದು ಹಿಂದಕ್ಕೆ ನೋಡುವ ಕಣ್ಣುಗಳು. ಬೇರೆ ಬೇಲಿಯ ಮೇಲೆ ಬಿಟ್ಟು ಬಾ ಎಂದು ನಾನು ಹೇಳಬೇಕಾಗಿತ್ತು; ಹೇಳಲಿಲ್ಲ. ಸೋಮವಾರದ ಪಾಠಕ್ಕೆ ಜೀವಂತ ದೃಷ್ಟಾಂತ ಸಿಕ್ಕಿತೆಂಬ ಆಸೆ ನನ್ನನ್ನು ಕಟ್ಟಿಹಾಕಿತು. ರಟ್ಟಿನ ಪೆಟ್ಟಿಗೆಗೆ ಬಲೆ ಹೊದಿಸಿ ನನ್ನ ಕೋಣೆಯಲ್ಲಿಯೇ ಇರಿಸಿದೆವು. ಹುಡುಗನು ಬಟ್ಟಲಲ್ಲಿ ನೀರಿಟ್ಟನು. ತನ್ನ ತಟ್ಟೆಯ ಅನ್ನದಲ್ಲಿ ನಾಲ್ಕಗುಳು ತೆಗೆದು ಹಾಕಿದನು. “ದಾಸೋಹ ಮಾಡ್ತಿ ಬಿಡೋ ತಮ್ಮಾ” ಎಂದು ನಾನು ಬೆನ್ನು ತಟ್ಟಿದೆನು.

ಸೋಮವಾರ ತರಗತಿಯಲ್ಲಿ ಅದನ್ನು ಮೊದಲು ಎಲೆಯ ಮೇಲಿಟ್ಟೆನು, ಆಮೇಲೆ ಕೆಂಪು ವಸ್ತ್ರದ ಮೇಲೆ. ಮೈಯೆಲ್ಲ ಕಪ್ಪಾಗಿ ಕಲೆಕಲೆಯಾಯಿತು. “ನೋಡಿರಿ, ಹೇಗೆ ವೇಷ ಬದಲಿಸುತ್ತದೆ!” ಎಂದೆನು. ತಂದ ಹುಡುಗನು ಎದ್ದುನಿಂತು, “ಗುರುಗಳೇ, ಕೆಂಪು ಅರಿವಿ ಮ್ಯಾಲ ಇಟ್ರೂ ಕೆಂಪು ಆಗಲಿಲ್ರಿ. ಕರ್ರಗ್ಯಾಕ ಆತ್ರಿ?” ಎಂದು ಕೇಳಿದನು. ಉತ್ತರ ನನ್ನಲ್ಲಿರಲಿಲ್ಲ. ಕುಳಿತುಕೋ ಎಂದೆನು.

ನೀರಿನ ಬಟ್ಟಲನ್ನು ಅದು ಮುಟ್ಟಲಿಲ್ಲ, ಅನ್ನವನ್ನೂ ಮುಟ್ಟಲಿಲ್ಲ. ನಾಲ್ಕನೆಯ ದಿನಕ್ಕೆ ಕಣ್ಣುಗುಡ್ಡೆಗಳು ಒಳಸೇರಿದವು. ಆರನೆಯ ದಿನದಿಂದ ಕೊಂಬೆಯನ್ನು ಬಿಟ್ಟಿಳಿದು ಪೆಟ್ಟಿಗೆಯ ಮೂಲೆಯನ್ನು ಕೆರೆಯತೊಡಗಿತು. ರಾತ್ರಿ ದೀಪದ ಮುಂದೆ ಓದುತ್ತ ಕುಳಿತ ನನಗೆ ರಟ್ಟಿನ ಮೇಲೆ ಉಗುರಾಡುವ ಆ ಸಪ್ಪಳ ಕೇಳುತ್ತಲೇ ಇತ್ತು. ಓಡಿಹೋಗಲು ಹವಣಿಸುತ್ತಿದೆಯೆಂದು ಭಾವಿಸಿ ಬಲೆಯನ್ನು ಇನ್ನಷ್ಟು ಬಿಗಿದೆನು. ಎಂಟನೆಯ ದಿನ ಪೂಜೆ ಮುಗಿಸಿ ನೋಡುವಾಗ ಅದು ಸತ್ತಿತ್ತು. ಹುಡುಗನು ಅಳಲಿಲ್ಲ, ಅಂದು ಊಟದ ಪಂಕ್ತಿಗೂ ಬರಲಿಲ್ಲ.

ದನಗಳನ್ನು ನೋಡಲು ಅದೇ ದಿನ ಬಂದಿದ್ದ ಪಶುವೈದ್ಯರು ಅದರ ಹೊಟ್ಟೆಯನ್ನು ಬೆರಳಿನಿಂದ ಒತ್ತಿ, ಬಳಿಕ ಸೀಳಿ ತೋರಿಸಿದರು. “ಶಾಸ್ತ್ರಿಗಳೇ, ಇದು ಹೆಣ್ಣು. ಹೊಟ್ಟೆ ತುಂಬ ತತ್ತಿ. ಅಗೆಯಲು ಮಣ್ಣು ಸಿಕ್ಕಿದ್ದರೆ ಇಟ್ಟಿರುತ್ತಿತ್ತು.” ಎಣಿಸಿದರೆ 22 ತತ್ತಿಗಳು. ರಾತ್ರಿಯೆಲ್ಲ ಕೇಳಿದ ಸಪ್ಪಳದ ಅರ್ಥ ಆಗ ತಿಳಿಯಿತು.

ಆ ಮೇಲೆ ನಾನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನು ಹೇಳುತ್ತೇನೆ. ಗೋಸುಂಬೆಗೆ ಬಟ್ಟಲಿನ ನಿಂತ ನೀರು ನೀರೆಂದು ಹೊಳೆಯುವುದೇ ಅಪರೂಪ. ಎಲೆಯ ಮೇಲೆ ನಿಂತ ಇಬ್ಬನಿಯನ್ನೋ ಮಳೆಹನಿಯನ್ನೋ ನೆಕ್ಕಿ ಅದು ಬದುಕುತ್ತದೆ. ಒಳಸೇರಿದ ಕಣ್ಣು ಬಾಯಾರಿಕೆಯ ಲಕ್ಷಣ. ಅನ್ನ ಅದಕ್ಕೆ ಆಹಾರವಲ್ಲ. ಚಲಿಸುವ ಮಿಡತೆ, ನೊಣ, ಹುಳುಗಳನ್ನು ತನ್ನ ಮೈಯಷ್ಟು ನೀಳವಾಗಿ ಚಾಚುವ ನಾಲಗೆಯಿಂದ ಹಿಡಿದು ತಿನ್ನುವುದು ಅದರ ಜಾತಿಧರ್ಮ. ನಮ್ಮಂತೆ ಒಳಗಿನಿಂದ ಬಿಸಿ ಹುಟ್ಟಿಸಿಕೊಳ್ಳುವ ದೇಹ ಅದರದಲ್ಲ. ಬೆಳಗಿನ ಬಿಸಿಲಿಗೆ ಮೈಯೊಡ್ಡಿ ಕಾಸಿಕೊಂಡ ಮೇಲೆಯೇ ತಿಂದದ್ದು ಜೀರ್ಣವಾಗುವುದು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ತಾಗದಿದ್ದರೆ ಸುಣ್ಣದಂಶ ಮೈಗೆ ಹತ್ತದೆ ಎಲುಬುಗಳು ಮೆತ್ತಗಾಗಿ ಬಾಗುತ್ತವೆ. ಕಿಟಕಿಯ ಗಾಜಿನ ಮೂಲಕ ಬಂದ ಬೆಳಕು ಆ ಕೆಲಸಕ್ಕೆ ಬಾರದು. ಪರದೇಶಗಳಲ್ಲಿ ಇಂಥ ಪ್ರಾಣಿಗಳನ್ನು ಸಾಕುವ ತಿಳಿವಳಿಕಸ್ಥರು ಗಾಳಿಯಾಡುವ ಎತ್ತರದ ಬಲೆಗೂಡು ಮಾಡಿ, ಒಳಗೆ ಗಿಡವಿಟ್ಟು, ಮೇಲಿನಿಂದ ಹನಿ ತೊಟ್ಟಿಕ್ಕುವಂತೆ ಏರ್ಪಡಿಸಿ, ಆ ಕಿರಣ ಕೊಡುವ ವಿಶೇಷ ದೀಪವನ್ನು ತೂಗುಹಾಕುತ್ತಾರೆ. ಒಂದು ಗೂಡಿಗೆ ಒಂದೇ ಪ್ರಾಣಿ, ಕೈಯಿಂದ ಮುಟ್ಟುವುದು ಆದಷ್ಟು ಕಡಮೆ. ಹೆಣ್ಣಾದರೆ ತೇವದ ಮಣ್ಣು ತುಂಬಿದ ಆಳವಾದ ಪಾತ್ರೆಯನ್ನು ತಪ್ಪದೆ ಇಡುತ್ತಾರೆ. ಮರದ ಮೇಲೆಯೇ ಬಾಳುವ ಈ ಜೀವ ನೆಲಕ್ಕಿಳಿದು ಗುಂಡಿ ತೋಡಿ ತತ್ತಿಯಿಟ್ಟು ಮಣ್ಣು ಮುಚ್ಚಿ ಮತ್ತೆ ಮರವೇರುತ್ತದೆ. ಇಡಲು ಎಡೆ ಸಿಗದಿದ್ದರೆ ತತ್ತಿಯನ್ನು ಒಳಗೇ ಹಿಡಿದುಕೊಂಡು ಸಾಯುವುದೂ ಉಂಟು.

ಇನ್ನು ಬಣ್ಣದ ಮಾತು. ಕುಳಿತ ಜಾಗದ ಬಣ್ಣವನ್ನೇ ತಾಳಿ ಮೋಸಮಾಡುವುದೆಂದು ನಾವು ತಿಳಿದಿರುವುದು ಬಹುಪಾಲು ತಪ್ಪು. ಚಳಿಯಾದರೆ ಬಿಸಿಲನ್ನು ಹೀರಲು ಕಪ್ಪಾಗುತ್ತದೆ, ಕಾವೇರಿದರೆ ತಿಳಿಯಾಗುತ್ತದೆ, ಹೆದರಿದರೆ, ಕೆರಳಿದರೆ, ಎದುರಾಳಿಯನ್ನು ಕಂಡರೆ ಬೇರೆ ಬೇರೆ ಬಣ್ಣ ತೋರುತ್ತದೆ, ತತ್ತಿ ಹೊತ್ತ ಹೆಣ್ಣು ಬೇರೆಯೇ ಬಣ್ಣ ತಳೆಯುವುದನ್ನು ಹಲವು ಜಾತಿಗಳಲ್ಲಿ ಕಂಡಿದ್ದಾರೆ. ಜಿನೀವಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಮಡಗಾಸ್ಕರಿನ ಒಂದು ಜಾತಿಯನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಸಂಗತಿ ಇನ್ನೂ ಸೋಜಿಗದ್ದು: ಚರ್ಮದ ಕೋಶಗಳೊಳಗೆ ಅತಿಸೂಕ್ಷ್ಮ ಹರಳುಗಳ ಸಾಲುಗಳಿವೆ, ಪ್ರಾಣಿ ಉದ್ವಿಗ್ನವಾದಾಗ ಹರಳುಗಳ ನಡುವಣ ಅಂತರ ಹಿಗ್ಗಿ, ಹಸಿರು ಹಳದಿಯಾಗಿ ತೋರುತ್ತದೆ. ಒಳಗಿನ ಕಳವಳ ಚರ್ಮದ ಮೇಲೆ ಬರೆದಂತೆ ಕಾಣುವ ಈ ಜೀವವನ್ನು ಒಳಗೊಂದು ಹೊರಗೊಂದು ಎಂದು ನಾನು ವೇದಿಕೆಯ ಮೇಲೆ ಜರೆದಿದ್ದೆನಲ್ಲ! ಸೋಮವಾರ ನನ್ನ ಮೇಜಿನ ಮೇಲೆ ಅದು ಕಪ್ಪಾದುದು ವೇಷವಾಗಿರಲಿಲ್ಲ. ಅಂಜಿದ್ದೇನೆಂದು ಹೇಳುತ್ತಿತ್ತು, ಆ ಲಿಪಿ ಓದಲು ಬಾರದ ಪಂಡಿತನು ನಾನು. ಹುಡುಗನಿಗೆ ಅರ್ಧ ಓದಲು ಬಂದಿತ್ತು, ಅವನನ್ನೂ ಕೂರಿಸಿದೆನು.

ದಯೆಯನ್ನು ಕುರಿತ ಬಸವಣ್ಣನವರ ವಚನ ನಮ್ಮ ಮನೆಮಕ್ಕಳಿಗೆಲ್ಲ ಬಾಯಿಪಾಠ. ನಮ್ಮ ಹುಡುಗನ ಹೃದಯದಲ್ಲಿ ದಯೆಗೆ ಕೊರತೆಯಿತ್ತೆ? ಇರಲಿಲ್ಲ. ತನ್ನ ತಟ್ಟೆಯ ಅನ್ನವನ್ನೇ ಕೊಟ್ಟನು. ಆದರೂ ಆ ಜೀವ ಹಸಿದು ಬಾಯಾರಿ ಸತ್ತಿತು. ಮನೆಗೆ ಬಂದ ಜಂಗಮರು ರೋಗದಿಂದ ಗಂಜಿಯನ್ನಷ್ಟೇ ಕುಡಿಯಬಲ್ಲವರಾಗಿದ್ದರೆ, ಅವರ ಮುಂದೆ ಹೋಳಿಗೆ ಬಡಿಸಿ ಕೈಮುಗಿದ ಗೃಹಸ್ಥನು ದಾಸೋಹ ಮಾಡಿದನೆಂದು ಹೇಳಲಾದೀತೆ? ಕೊಡುವವನಿಗೆ ಪ್ರಿಯವಾದುದು ಯಾವುದು ಎಂಬುದಕ್ಕಿಂತ ಕೊಳ್ಳುವವನಿಗೆ ಸಲ್ಲುವುದು ಯಾವುದು ಎಂದು ಅರಿಯುವುದು ದಾಸೋಹಿಯ ಮೊದಲ ಕೆಲಸ. ಅರಿವು, ಆಚಾರ ಎಂದು ಎರಡನ್ನೂ ಜೊತೆಗಿಟ್ಟು ಹೇಳಿದ ಶರಣರ ಸಂತತಿ ನಾವು. ಮೂಕಪ್ರಾಣಿಯ ವಿಷಯ ಬಂದಾಗ ಅರಿವನ್ನು ಬಿಟ್ಟು ಆಚಾರವನ್ನಷ್ಟೇ ಹಿಡಿಯುತ್ತೇವೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮರಣವನ್ನು ತಿಳಿಸುವ 967ರ ಶಾಸನ ಕೊಳಗಲ್ಲಿನದೆಂದು ನಾನು ಮಕ್ಕಳಿಗೆ ಕಂಠಪಾಠ ಮಾಡಿಸಿದ್ದೇನೆ. ಅದೇ ಊರ ಬೇಲಿಯಲ್ಲಿ ಬಾಳುವ ಜೀವ ಏನು ಕುಡಿಯುತ್ತದೆಂದು ಹೇಳಿಕೊಟ್ಟಿರಲಿಲ್ಲ.

ಗೃಹಸ್ಥರು ತಿಳಿದಿರಬೇಕಾದ ಇನ್ನೊಂದು ಮಾತು. ನಮ್ಮ ನಾಡಿನ ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟ ಪ್ರಾಣಿ. ಅದನ್ನು ಹಿಡಿಯುವುದೂ ಮನೆಯಲ್ಲಿಡುವುದೂ ಅಪರಾಧ. ಇದನ್ನು ನಾನು ಪಶುವೈದ್ಯರ ಬಾಯಿಂದ ಕೇಳಿ ನಾಚಿದೆನು. ಆದುದರಿಂದ ಮೇಲೆ ಹೇಳಿದ ಆರೈಕೆಯ ಕ್ರಮವನ್ನು ಓದಿ ಯಾರೂ ಗೂಡು ಕಟ್ಟಿಸಲು ಹೊರಡಬಾರದು. ಹನಿ, ಬಿಸಿಲು, ಹುಳು, ಮಣ್ಣು ಈ ನಾಲ್ಕನ್ನೂ ಬೇಲಿಯೇ ಒದಗಿಸುತ್ತದೆ. ಗಾಯಗೊಂಡುದು ಸಿಕ್ಕರೆ ಗಾಳಿಯಾಡುವ ಪೆಟ್ಟಿಗೆಯಲ್ಲಿ ಕೊಂಬೆಯೊಂದಿಗೆ ನೆರಳಿನಲ್ಲಿರಿಸಿ, ಬಾಯಿಗೆ ಏನನ್ನೂ ತುರುಕದೆ, ಅರಣ್ಯ ಇಲಾಖೆಯವರಿಗೆ ಕೂಡಲೇ ತಿಳಿಸತಕ್ಕದ್ದು. ವಿಷಪ್ರಾಣಿಯೆಂದು ಕಲ್ಲೆಸೆಯುವವರು ಈಗಲೂ ಇದ್ದಾರೆ, ಗೋಸುಂಬೆಯಲ್ಲಿ ವಿಷವಿಲ್ಲ. ಮೆಣಸಿನಕಾಯಿಗೂ ಹತ್ತಿಗೂ ಔಷಧ ಹೊಡೆಯುವ ನಮ್ಮ ರೈತರಿಗೆ ಒಂದು ವಿನಂತಿ: ಬದುವಿನ ಗಿಡಗಳಿಗೆ ಅದನ್ನು ತಾಗಿಸಬೇಡಿರಿ. ಅಲ್ಲಿನ ಹುಳು ಸತ್ತರೆ ಹುಳು ತಿನ್ನುವುದೂ ಸಾಯುತ್ತದೆ.

ಆ ದೃಷ್ಟಾಂತವನ್ನು ನಾನು ಪ್ರವಚನದಿಂದ ತೆಗೆದೆನು. ಅದರ ಬದಲಿಗೆ ಬೇರೊಂದು ಇನ್ನೂ ಸಿಕ್ಕಿಲ್ಲ. ಸಭೆಯಲ್ಲಿ ಆ ಭಾಗ ಈಗ ಸ್ವಲ್ಪ ಸಪ್ಪೆಯಾಗಿಯೇ ಸಾಗುತ್ತದೆ.

ಮರುವರ್ಷದ ಕಾರ್ತಿಕದಲ್ಲಿ ಆ ಹುಡುಗನು ಮಧ್ಯಾಹ್ನದ ಹೊತ್ತು ಓಡಿಬಂದು, “ಗುರುಗಳೇ, ಒಂದು ನೆಲಕ್ಕಿಳಿದೈತ್ರಿ. ಮುಟ್ಟಿಲ್ರಿ” ಎಂದನು. ಹೊಲಕ್ಕೆ ಹೋಗುವ ದಾರಿಯ ಅಂಚಿನಲ್ಲಿ, ತಲೆ ಕಾಣದಷ್ಟು ಆಳ ತೋಡಿಕೊಂಡು, ಹಿಂಗಾಲಿನಿಂದ ಮಣ್ಣು ತಳ್ಳುತ್ತ ಅದು ತನ್ನ ಕೆಲಸದಲ್ಲಿತ್ತು. ಹುಡುಗರು ಇಪ್ಪತ್ತು ಹೆಜ್ಜೆ ದೂರದಲ್ಲಿ ಎರಡೂ ಕಡೆ ಕಾವಲು ನಿಂತರು. ಜೋಳದ ಹೊಲಕ್ಕೆ ಹೊರಟಿದ್ದ ಟ್ರ್ಯಾಕ್ಟರಿನವನು ಹುಡುಗರನ್ನೂ ನನ್ನನ್ನೂ ಸಮವಾಗಿ ಬೈದು, ಬದು ಹತ್ತಿಸಿ ಸುತ್ತುಹಾಕಿ ಹೋದನು. ಸಂಜೆ ಪ್ರಾರ್ಥನೆಯ ಗಂಟೆ ಬಾರಿಸಿದಾಗಲೂ ಅದು ಮಣ್ಣು ಮುಚ್ಚುತ್ತಲೇ ಇತ್ತು. ಅಂದು ಪ್ರಾರ್ಥನೆ ತಡವಾಗಿ ಆರಂಭವಾಯಿತು.