ಮಕ್ಕಳ ಚಿತ್ರಪುಸ್ತಕವೂ ಮಧ್ಯಸ್ಥನ ಧರ್ಮವೂ

ಮಕ್ಕಳಿಗಾಗಿ ಒಂದು ಚಿತ್ರಪುಸ್ತಕವನ್ನು ಬರೆದು ಮುಗಿಸಿದವನಿಗೆ ತನ್ನ ಕಷ್ಟ ತೀರಿತೆಂದು ತೋರುವುದು ಸಹಜ. ವಾಸ್ತವವಾಗಿ ಎರಡನೆಯ ಕಷ್ಟ ಅಲ್ಲಿಂದಲೇ ಆರಂಭವಾಗುತ್ತದೆ. ಆ ಹಸ್ತಪ್ರತಿಯನ್ನು ಪ್ರಕಾಶಕರ ಬಾಗಿಲಿಗೆ ಒಯ್ಯುವವರು ಯಾರು? ಅದರ ಪರವಾಗಿ ನಾಲ್ಕು ಮಾತನಾಡುವವರು ಯಾರು? ಇಂಗ್ಲೆಂಡು, ಅಮೆರಿಕಗಳಲ್ಲಿ ಇದಕ್ಕೆಂದೇ ಒಂದು ವೃತ್ತಿ ಬೆಳೆದಿದೆ. ಲೇಖಕನ ಪರವಾಗಿ ಪ್ರಕಾಶಕನನ್ನು ಹುಡುಕಿ, ಕರಾರು ಮಾಡಿಸಿ, ಲೇಖಕನಿಗೆ ಬಂದ ಸಂಭಾವನೆಯಲ್ಲಿ ತಾನೂ ಒಂದು ಪಾಲನ್ನು ಪಡೆಯುವವನಿಗೆ ಸಾಹಿತ್ಯದ ಏಜೆಂಟ್ ಎಂದು ಹೆಸರು. ಅಂಥವನನ್ನು ಹುಡುಕುವುದು ಹೇಗೆಂಬುದು ಅಲ್ಲಿಯ ಹೊಸ ಲೇಖಕರಿಗೆ ದೊಡ್ಡ ಪ್ರಶ್ನೆ. ಆದರೆ ಹೇಗೆ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು: ನಡುವೆ ನಿಂತ ಆ ಮನುಷ್ಯನು ಯಾರ ಹಿತಕ್ಕಾಗಿ ನಿಂತಿದ್ದಾನೆ? ಲೇಖಕನ ಹಿತಕ್ಕೋ, ಪ್ರಕಾಶಕನ ಹಿತಕ್ಕೋ, ಅಥವಾ ಪುಸ್ತಕವನ್ನು ಕೊನೆಗೆ ಕೈಯಲ್ಲಿ ಹಿಡಿಯುವ ಮಗುವಿನ ಹಿತಕ್ಕೋ? ಈ ಪ್ರಶ್ನೆಯನ್ನು ಆದವಾನಿಯ ನೆಲದಲ್ಲಿ ನಿಂತು ಸ್ವಲ್ಪ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಆದವಾನಿಯವರಿಗೆ ಮಧ್ಯಸ್ಥನ ಪರಿಚಯ ಹೊಸದೇನೂ ಅಲ್ಲ. ನಮ್ಮದು ಹತ್ತಿಯ ಪೇಟೆ. ರೈತನಿಗೂ ವ್ಯಾಪಾರಿಗೂ ನಡುವೆ ಕಮಿಷನ್ ಏಜೆಂಟನು ನಿಂತಿರುವುದನ್ನು ನಮ್ಮ ಶಾಲೆಯ ಹುಡುಗರೂ ಕಂಡಿದ್ದಾರೆ. ಆದರೂ ‘ದಲ್ಲಾಳಿ’ ಎಂಬ ಮಾತು ನಮ್ಮ ಬಾಯಲ್ಲಿ ಸ್ವಲ್ಪ ಕಹಿಯಾಗಿಯೇ ಹೊರಡುತ್ತದೆ. ‘ಮಧ್ಯಸ್ಥ’ ಎಂದಾಗ ಆ ಕಹಿ ಇಲ್ಲ. ಒಂದೇ ಸ್ಥಾನಕ್ಕೆ ಈ ಎರಡು ರುಚಿ ಏಕೆ? ಎಲ್ಲಿಯೇ ಆಗಲಿ, ಸಾಲ ಕೊಟ್ಟವನೇ ಬೆಳೆಯನ್ನು ಮಾರಿಸಿಕೊಡುವವನೂ ಆದಾಗ ಅವನು ಎರಡು ದೋಣಿಗಳಲ್ಲಿ ಕಾಲಿಟ್ಟವನಾಗುತ್ತಾನೆ. ಅವನ ಮಾತು ಯಾರ ಪರ ಎಂಬುದು ತಿಳಿಯದೆ ಹೋಗುತ್ತದೆ. ಕಹಿ ಹುಟ್ಟುವುದು ಅಲ್ಲಿ. ನಡುವೆ ನಿಲ್ಲುವುದು ದೋಷವಲ್ಲ. ಯಾರ ಪರ ನಿಂತಿದ್ದೇನೆಂಬುದನ್ನು ಮುಚ್ಚುವುದು ದೋಷ.

ಹತ್ತಿಗೂ ಪುಸ್ತಕಕ್ಕೂ ಒಂದು ಭೇದವಿದೆ. ಹತ್ತಿಯನ್ನು ತೂಗಬಹುದು, ಎಳೆಯನ್ನು ಎಳೆದು ನೋಡಬಹುದು. ಹಸ್ತಪ್ರತಿಯನ್ನು ತೂಗುವ ತಕ್ಕಡಿ ಇನ್ನೂ ಹುಟ್ಟಿಲ್ಲ. ಆದಕಾರಣ ಪುಸ್ತಕದ ವಿಷಯದಲ್ಲಿ ಮಧ್ಯಸ್ಥನ ಮಾತಿಗೇ ಬೆಲೆ, ಆ ಮಾತಿನ ಪ್ರಾಮಾಣಿಕತೆಯೇ ಅವನ ಬಂಡವಾಳ.

ಲಂಡನ್ ನಗರದಲ್ಲಿ ಈ ವೃತ್ತಿಯನ್ನು ನೆಲೆಗೊಳಿಸಿದವನು ಎ. ಪಿ. ವಾಟ್ ಎಂಬಾತ. ಕಾಲ 19ನೆಯ ಶತಮಾನದ ಕೊನೆಯ ಭಾಗ. ಲೇಖಕನಿಗೆ ಬಂದ ಹಣದಲ್ಲಿ ನೂರಕ್ಕೆ 10 ಅವನ ಪಾಲು. ಇಂದು ಆ ದೇಶಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 15, ಪರದೇಶದ ಹಕ್ಕುಗಳಿಗೆ ನೂರಕ್ಕೆ 20. ಈ ಏರ್ಪಾಡಿನಲ್ಲಿ ಒಂದು ನೀತಿ ಅಡಗಿದೆ: ಲೇಖಕನಿಗೆ ಬಂದರೆ ಮಾತ್ರ ಏಜೆಂಟನಿಗೆ ಬರುತ್ತದೆ. ಹಸ್ತಪ್ರತಿಯನ್ನು ಓದುವುದಕ್ಕೇ ಶುಲ್ಕ ಕೇಳುವವನೂ, ಅಚ್ಚಿನ ಖರ್ಚನ್ನು ಲೇಖಕನಿಂದಲೇ ವಸೂಲು ಮಾಡಿ ತನ್ನನ್ನು ಏಜೆಂಟನೆಂದು ಕರೆದುಕೊಳ್ಳುವವನೂ ಈ ನೀತಿಯ ಹೊರಗಿನವರು. ನಮ್ಮ ದೇಶದ 1872ರ ಕರಾರು ಕಾಯಿದೆಯೂ ಏಜೆಂಟನ ಕರ್ತವ್ಯವನ್ನು ಸ್ಪಷ್ಟವಾಗಿ ಹೇಳುತ್ತದೆ. ಕೇಳಿದಾಗ ಅವನು ಸರಿಯಾದ ಲೆಕ್ಕ ಒಪ್ಪಿಸಬೇಕು. ತನ್ನನ್ನು ನೇಮಿಸಿದವನಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ಸ್ವಂತ ಲಾಭ ಮಾಡಿಕೊಂಡರೆ ಆ ಲಾಭವನ್ನು ಕೇಳುವ ಹಕ್ಕು ನೇಮಿಸಿದವನಿಗಿದೆ. ಕಾಯಿದೆ ಹೇಳುವುದಕ್ಕೆ ಬಹಳ ಮೊದಲೇ ನಮ್ಮ ಜನ ಇದನ್ನು ಬಲ್ಲರು. ಲಂಕೆಗೆ ಹೋದ ಹನುಮಂತನು ರಾಮನ ಉಂಗುರವನ್ನು ಸೀತೆಗೆ ಕೊಟ್ಟನು, ಸೀತೆಯ ಚೂಡಾಮಣಿಯನ್ನು ರಾಮನಿಗೆ ತಂದೊಪ್ಪಿಸಿದನು. ನಡುವೆ ಒಂದನ್ನೂ ಬದಲಿಸಲಿಲ್ಲ, ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಕನ್ನಡದಲ್ಲಿ ಈ ವೃತ್ತಿ ನೆಲೆಗೊಂಡಿಲ್ಲ. ನಮ್ಮ ಹಿರಿಯರು ತಮ್ಮ ಪುಸ್ತಕಗಳಿಗೆ ತಾವೇ ಹೆಗಲು ಕೊಟ್ಟರು. ಗಳಗನಾಥರು (1869–1942) ಶಾಲಾ ಉಪಾಧ್ಯಾಯರಾಗಿದ್ದವರು; ಪುಸ್ತಕಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರು. ಮಕ್ಕಳ ಕವಿ ಜಿ. ಪಿ. ರಾಜರತ್ನಂ ಅವರು ತಮ್ಮನ್ನು ಸಾಹಿತ್ಯ ಪರಿಚಾರಕನೆಂದು ಕರೆದುಕೊಂಡು ಕನ್ನಡ ಪುಸ್ತಕಗಳನ್ನು ಓದುಗರ ಬಳಿಗೆ ತಾವೇ ಒಯ್ದರು. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಸ್ಥಾಪಿಸಿದ ಜಿ. ಬಿ. ಜೋಶಿಯವರ ಬಳಿ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಹಸ್ತಪ್ರತಿಗಳನ್ನು ಓದಿ ಸಲಹೆ ಕೊಡುತ್ತಿದ್ದರು. ಮಧ್ಯಸ್ಥರು ನಮ್ಮಲ್ಲಿ ಇಲ್ಲದಿರಲಿಲ್ಲ. ಅದು ವೃತ್ತಿಯಾಗದೆ ಸ್ನೇಹವಾಗಿಯೂ ಸೇವೆಯಾಗಿಯೂ ಉಳಿಯಿತು.

ಹಾಗಾದರೆ ಏಜೆಂಟನನ್ನು ಹುಡುಕುವುದು ಸರಸ್ವತಿಯನ್ನು ಮಾರಿದಂತಾಗುವುದಿಲ್ಲವೇ ಎನ್ನುವವರುಂಟು. ಈ ಮಾತಿನಲ್ಲಿ ವಿನಯಕ್ಕಿಂತ ಅಭಿಮಾನವೇ ಹೆಚ್ಚು. ಬಾಯಿದ್ದವನು ಬರಗಾಲದಲ್ಲೂ ಬದುಕಿದನೆಂಬ ಗಾದೆ ಸುಳ್ಳಲ್ಲ. ಆದರೆ ಬರೆಯಬಲ್ಲವರೆಲ್ಲ ವ್ಯವಹಾರದಲ್ಲಿ ಬಾಯುಳ್ಳವರಲ್ಲ. ಬಾಯಿಲ್ಲದವನ ಒಳ್ಳೆಯ ಪುಸ್ತಕ ಪೆಟ್ಟಿಗೆಯಲ್ಲಿ ಉಳಿದು ಬಾಯುಳ್ಳವನ ಸಾಮಾನ್ಯ ಪುಸ್ತಕ ಅಚ್ಚಾಗುವುದು ಯಾವ ನೀತಿ? ಸಹಾಯ ಕೇಳುವುದರಲ್ಲಿ ಅಪಮಾನವಿಲ್ಲ.

ಅಡ್ಡಿ ಇರುವುದು ಬೇರೆ ಕಡೆ. ಒಂದು ಲೆಕ್ಕ ಮಾಡಿ ನೋಡೋಣ. ಚಿತ್ರಪುಸ್ತಕದ ಬೆಲೆ 100 ರೂಪಾಯಿ, ಅಚ್ಚಾದ ಪ್ರತಿ 1000, ಎಲ್ಲವೂ ಮಾರಿಹೋದವು, ರಾಯಲ್ಟಿ ನೂರಕ್ಕೆ 10 ಎಂದು ಭಾವಿಸಿರಿ. ಒಟ್ಟು 10,000 ರೂಪಾಯಿ. ಬರೆದವರೂ ಚಿತ್ರ ಬಿಡಿಸಿದವರೂ ಸಮನಾಗಿ ಹಂಚಿಕೊಂಡರೆ ಲೇಖಕನ ಪಾಲು 5,000. ಅದರಲ್ಲಿ ಏಜೆಂಟನಿಗೆ ನೂರಕ್ಕೆ 15ರಂತೆ 750 ರೂಪಾಯಿ. ಹಲವು ತಿಂಗಳ ಓಡಾಟ, ಪತ್ರವ್ಯವಹಾರಗಳಿಗೆ ಇಷ್ಟು ಕೂಲಿ! ಇದರಿಂದ ಯಾವ ಸಂಸಾರವೂ ಸಾಗದು. ಕನ್ನಡದಲ್ಲಿ ಏಜೆಂಟರಿಲ್ಲದಿರುವುದು ಯಾರ ದುರುದ್ದೇಶದಿಂದಲೂ ಅಲ್ಲ; ಲೆಕ್ಕ ಕೂಡಿಬರುವುದಿಲ್ಲ, ಅಷ್ಟೆ.

ಗಡಿಯ ಈಚೆಗೆ ಇರುವ ನಮ್ಮ ಲೆಕ್ಕ ಇನ್ನೂ ಬಡವಾದುದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಕನ್ನಡ ಪ್ರಕಾಶಕರು ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಉಳಿದರು. ಕನ್ನಡ ಓದುವ ನಮ್ಮ ಮಕ್ಕಳು ಇಲ್ಲಿ ಉಳಿದರು. ಕರ್ನಾಟಕದ ಗ್ರಂಥಾಲಯ ಇಲಾಖೆ ಸಗಟಾಗಿ ಕೊಳ್ಳುವ ಪುಸ್ತಕಗಳು ಆ ರಾಜ್ಯದ ಗ್ರಂಥಾಲಯಗಳಿಗೆ ಸಲ್ಲುತ್ತವೆ. ಆ ಖರೀದಿಯ ಮೇಲೆ ಕಣ್ಣಿಟ್ಟ ಪ್ರಕಾಶಕನಿಗೆ ಆದವಾನಿಯ ಮಗು ಕಾಣದಿದ್ದರೆ ಆಶ್ಚರ್ಯವಿಲ್ಲ.

ಇಲ್ಲಿ ಚಿತ್ರಪುಸ್ತಕದ ವಿಶೇಷವನ್ನು ಗಮನಿಸಬೇಕು. ಕಾದಂಬರಿಯನ್ನು ಓದುವವನೇ ಕೊಳ್ಳುತ್ತಾನೆ. ಚಿತ್ರಪುಸ್ತಕವನ್ನು ಲೇಖಕನು ಬರೆಯುತ್ತಾನೆ, ಏಜೆಂಟನು ಒಯ್ಯುತ್ತಾನೆ, ಪ್ರಕಾಶಕನು ಅಚ್ಚು ಹಾಕುತ್ತಾನೆ, ತಂದೆಯೋ ಶಾಲೆಯೋ ಕೊಳ್ಳುತ್ತದೆ. ಓದುವುದು ಮಾತ್ರ ಮಗು. ಕರಾರಿನ ಯಾವ ಕಾಗದದಲ್ಲಿಯೂ ಮಗುವಿನ ರುಜುವಿಲ್ಲ.

ಈ ಮರೆತ ಓದುಗನನ್ನು ಮರೆಯದವರ ಒಂದು ನಿದರ್ಶನ ಇಂಗ್ಲೆಂಡಿನಿಂದ ಸಿಗುತ್ತದೆ. ಬಿಯಾಟ್ರಿಕ್ಸ್ ಪಾಟರ್ ಎಂಬಾಕೆ 1893ರಲ್ಲಿ ಕಾಯಿಲೆ ಬಿದ್ದ ಒಬ್ಬ ಹುಡುಗನಿಗೆ ಪೀಟರ್ ಎಂಬ ಮೊಲದ ಕಥೆಯನ್ನು ಚಿತ್ರಸಹಿತ ಪತ್ರವಾಗಿ ಬರೆದಳು. ಅದನ್ನು ಪುಸ್ತಕವಾಗಿಸಲು ಹೊರಟಾಗ ಹಲವು ಪ್ರಕಾಶಕರು ಹಿಂದಿರುಗಿಸಿದರು. ಪುಸ್ತಕ ಪುಟ್ಟ ಕೈಗಳಲ್ಲಿ ಹಿಡಿಯುವಷ್ಟು ಚಿಕ್ಕದಾಗಿರಬೇಕು, ಬೆಲೆಯೂ ಅಗ್ಗವಾಗಿರಬೇಕೆಂದು ಆಕೆಯ ಹಟ. 1901ರ ಡಿಸೆಂಬರಿನಲ್ಲಿ ತನ್ನ ಹಣದಿಂದಲೇ 250 ಪ್ರತಿ ಅಚ್ಚು ಹಾಕಿಸಿದಳು. ರಾನ್ಸ್‌ಲೀ ಎಂಬ ಪಾದ್ರಿ ಮಿತ್ರನು ಆಕೆಗೆ ಮಧ್ಯಸ್ಥನಾದನು. ಒಳ್ಳೆಯ ಮನಸ್ಸಿನಿಂದಲೇ ಆತನು ಕಥೆಯನ್ನು ನೀತಿಬೋಧೆಯ ಪದ್ಯವಾಗಿ ತಿರುಗಿಸಿ ವಾರ್ನ್ ಎಂಬ ಪ್ರಕಾಶನ ಸಂಸ್ಥೆಗೆ ಕಳುಹಿಸಿದನು. ಆ ಸಂಸ್ಥೆ ಪದ್ಯವನ್ನು ಬಿಟ್ಟು ಆಕೆಯ ಸರಳ ಗದ್ಯವನ್ನೇ ಬಯಸಿತು. ಚಿತ್ರಗಳಿಗೆ ಬಣ್ಣ ಹಾಕಲು, ಅವುಗಳ ಸಂಖ್ಯೆಯನ್ನು ಇಳಿಸಲು ಆಕೆ ಒಪ್ಪಿದಳು. 1902ರ ಅಕ್ಟೋಬರಿನಲ್ಲಿ ಪುಸ್ತಕ ಹೊರಬಂದಿತು, ಇಂದಿಗೂ ಮಕ್ಕಳ ಕೈಯಲ್ಲಿದೆ. ಮಧ್ಯಸ್ಥನು ಬಾಗಿಲು ತಟ್ಟಿದ್ದು ಉಪಕಾರ. ಪದ್ಯ ಕಟ್ಟಿದ್ದು ಅತಿರೇಕ. ಲೇಖಕಿಯಾದರೋ ಕೊಡಬಹುದಾದುದನ್ನು ಕೊಟ್ಟಳು, ಪುಟ್ಟ ಕೈಗೆ ಸಲ್ಲಬೇಕಾದುದನ್ನು ಬಿಡಲಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೋಸಿಗಿ, ಕೌತಾಳಂ ಮುಂತಾದ ಕಡೆಗಳಿಂದ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೂ ತೆಲಂಗಾಣದ ಹತ್ತಿ ಹೊಲಗಳಿಗೂ ಗುಳೆ ಹೋಗುವುದನ್ನು ಉಪಾಧ್ಯಾಯರಾದ ನಾವೆಲ್ಲ ಬಲ್ಲೆವು. ಹಾಜರಿ ಪುಸ್ತಕವೇ ಅದಕ್ಕೆ ಸಾಕ್ಷಿ. ಒಬ್ಬ ಲೇಖಕನು, ತಂದೆತಾಯಿಯರೊಡನೆ ಗುಳೆ ಹೋದ ಹುಡುಗಿ ತನ್ನ ಸ್ಲೇಟನ್ನು ಜೊತೆಗೆ ಕೊಂಡೊಯ್ದ ಕಥೆಯನ್ನು ಚಿತ್ರಪುಸ್ತಕವಾಗಿ ಬರೆದನೆಂದು ಊಹಿಸೋಣ. ಏಜೆಂಟನು ಹೇಳುತ್ತಾನೆ: “ಕಥೆ ಚೆನ್ನಾಗಿದೆ. ಆದರೆ ಗುಳೆ ಎಂಬ ಮಾತು ಪಟ್ಟಣದ ತಾಯಂದಿರಿಗೆ ಹಿಡಿಸದು. ಹುಡುಗಿ ರಜೆಯಲ್ಲಿ ಅಜ್ಜಿಯ ಊರಿಗೆ ಹೋದಳೆಂದು ಬದಲಾಯಿಸಿರಿ. ಪ್ರಕಾಶಕರು ಒಪ್ಪುತ್ತಾರೆ.” ಲೇಖಕನು ಏನು ಮಾಡಬೇಕು?

ಒಪ್ಪಬೇಕೆನ್ನುವವರ ವಾದವೂ ಹಗುರವಲ್ಲ. ಅಚ್ಚಾಗದ ಪುಸ್ತಕದಿಂದ ಯಾವ ಮಗುವಿಗೂ ಉಪಯೋಗವಿಲ್ಲ. ಏಜೆಂಟನು ಪೇಟೆಯನ್ನು ಬಲ್ಲವನು. ಮೇಲಾಗಿ ‘ಹೆತ್ತವರಿಗೆ ಹೆಗ್ಗಣ ಮುದ್ದು’. ಲೇಖಕನು ತನ್ನ ಹಟಕ್ಕೆ ಮಗುವಿನ ಹಿತವೆಂಬ ಹೆಸರಿಡುವುದು ಬಹಳ ಸುಲಭ. ಆದ್ದರಿಂದ ಒಂದು ಒರೆಗಲ್ಲು ಬೇಕು. ನನಗೆ ತೋರುವ ಒರೆಗಲ್ಲು ಇದು: ಈ ಬದಲಾವಣೆಯಿಂದ ಮಗುವಿಗೆ ಪುಸ್ತಕ ಹತ್ತಿರವಾಗುತ್ತದೆಯೇ, ಇಲ್ಲವೆ ಕೊಳ್ಳುವವನಿಗೆ ಮಾತ್ರವೇ? ವಾಕ್ಯ ಉದ್ದವಾಯಿತು ಎಂದರೆ ಕತ್ತರಿಸಬೇಕು. ಚಿತ್ರಗಳು ಹೆಚ್ಚಾಗಿ ಬೆಲೆ ಏರಿತೆಂದರೆ ಕಡಿಮೆ ಮಾಡಬೇಕು. ‘ಗುಳೆ’ ಎಂಬ ಮಾತು ದೂರದ ಮಗುವಿಗೆ ತಿಳಿಯದೆಂದರೆ ಗಾಡಿಯ ಮೇಲೆ ಹೇರಿದ ಪಾತ್ರೆಪಡಗಗಳ ಚಿತ್ರದಿಂದ ತಿಳಿಯುವಂತೆ ಮಾಡಬೇಕು. ಇವೆಲ್ಲ ಮಗುವಿಗಾಗಿ. ಗುಳೆಯನ್ನೇ ರಜೆಯೆನ್ನುವುದು ಮಗುವಿಗಾಗಿ ಅಲ್ಲ. ರಜೆಗೆ ಹೋಗುವ ಮಕ್ಕಳ ಕಥೆಗಳು ಬೇಕಾದಷ್ಟಿವೆ. ಗುಳೆ ಹೋದ ಮಗುವಿಗೆ ಇಲ್ಲದಿರುವುದು, ತನ್ನ ಬದುಕೂ ಪುಸ್ತಕದಲ್ಲಿ ಬರೆಯಲು ಯೋಗ್ಯವೆಂದು ಹೇಳುವ ಒಂದು ಪುಟ. ಅದನ್ನು ತೆಗೆದ ಮೇಲೆ ಉಳಿಯುವುದು ಅರ್ಧ ಪುಸ್ತಕವಲ್ಲ, ಬೇರೆಯೇ ಪುಸ್ತಕ.

ಸಾರಾಂಶವಿಷ್ಟು: ಏಜೆಂಟನು ಲೇಖಕನ ಪ್ರತಿನಿಧಿ; ಲೇಖಕನಾದರೋ ಮಗುವಿನ ಪ್ರತಿನಿಧಿ. ಬೆಲೆ, ಕರಾರು, ಕಾಲಾವಧಿಗಳನ್ನು ಲೇಖಕನು ಇನ್ನೊಬ್ಬರ ಕೈಗೆ ಒಪ್ಪಿಸಬಹುದು. ಮಗುವಿಗೆ ತಾನು ಕೊಟ್ಟ ಮಾತನ್ನು ಒಪ್ಪಿಸಲಾಗದು. ಅದಕ್ಕೆ ಮುಕ್ತಿಯಾರುನಾಮೆ ಇಲ್ಲ.

ಏಜೆಂಟರಿಲ್ಲದ ನಮ್ಮ ಕಡೆಯಲ್ಲಿ ಮಾಡಬಹುದಾದುದೇನು? ಮೊದಲನೆಯದು, ಹಕ್ಕಿನ ತಿಳಿವಳಿಕೆ. 1957ರ ಗ್ರಂಥಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕನ್ನು ಕೊಡುವುದು ಬರವಣಿಗೆಯಲ್ಲಿ, ರುಜುವಿನೊಂದಿಗೆ ಆಗಬೇಕು. ಅವಧಿಯನ್ನು ಹೇಳದಿದ್ದರೆ ಅದು 5 ವರ್ಷವೆಂದು ಭಾವಿಸಲ್ಪಡುತ್ತದೆ. ಚಿತ್ರಗಳ ಹಕ್ಕು ಯಾರದೆಂಬುದನ್ನು ಚಿತ್ರಕಾರರೊಡನೆ ಕರಾರಿನಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು. ಲೇಖಕನು ಅವರನ್ನು ಕೂಲಿಯಾಳೆಂದು ಎಣಿಸಬಾರದು. ಎರಡನೆಯದು, ನೇರ ದಾರಿಗಳು. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ಮಕ್ಕಳ ಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಚಿತ್ರಕಥೆಗಳನ್ನು ಯಾರೂ ಉಚಿತವಾಗಿ ಓದಬಹುದು, ಅನುವಾದಿಸಬಹುದು. ಅಲ್ಲಿ ಹಕ್ಕನ್ನು ಎಲ್ಲರಿಗೂ ತೆರೆದಿಡುವುದರಿಂದ ಮುಂದಿನ ಬಳಕೆಗೆ ಹಣ ಬಾರದು, ಓದುಗರು ಬರುತ್ತಾರೆ. ಯಾವುದು ಬೇಕೆಂಬುದನ್ನು ತಿಳಿದು ಆರಿಸಿಕೊಳ್ಳಬೇಕು.

ಮೂರನೆಯದು ಉಪಾಧ್ಯಾಯರ ಕೆಲಸ. ಪಂಜೆ ಮಂಗೇಶರಾಯರು ಶಾಲಾ ತನಿಖಾಧಿಕಾರಿಗಳಾಗಿದ್ದವರು. ಮಕ್ಕಳನ್ನು ಹತ್ತಿರದಿಂದ ಕಂಡವರ ಬರಹಕ್ಕೆ ಬರುವ ಜೀವ ಅವರ ಕಥೆಗಳಲ್ಲಿದೆ. ಪ್ರತಿದಿನ ಮೂವತ್ತು ನಲವತ್ತು ಓದುಗರ ಮುಂದೆ ನಿಲ್ಲುವ ಭಾಗ್ಯ ಯಾವ ಏಜೆಂಟನಿಗೂ ಇಲ್ಲ. ಸಹೋದ್ಯೋಗಿಯೊಬ್ಬರು ಹಸ್ತಪ್ರತಿ ತಂದರೆ ಅದನ್ನು ತರಗತಿಯಲ್ಲಿ ಯಾವ ವಿವರಣೆಯೂ ಇಲ್ಲದೆ ಓದಿ ನೋಡೋಣ. ಮಕ್ಕಳು ಎಲ್ಲಿ ನಕ್ಕರು, ಎಲ್ಲಿ ಕಿಟಕಿಯ ಕಡೆ ತಿರುಗಿದರು ಎಂಬುದನ್ನು ಬರೆದಿಟ್ಟು, ಲೇಖಕರಿಗೂ ಪ್ರಕಾಶಕರಿಗೂ ಇದ್ದುದನ್ನು ಇದ್ದಂತೆಯೇ ತಿಳಿಸೋಣ. ದಾಕ್ಷಿಣ್ಯದ ಹೊಗಳಿಕೆ ಬೇಡ. ಒಂದು ಸುಳ್ಳು ಶಿಫಾರಸಿನಿಂದ ಮುಂದಿನ ಹತ್ತು ನಿಜವಾದ ಶಿಫಾರಸುಗಳ ಬೆಲೆ ಹೋಗುತ್ತದೆ.

ಇದಕ್ಕೆ ನೂರಕ್ಕೆ 15 ಸಿಗದು. ಆದರೆ ಬಾಯಿಲ್ಲದ ಓದುಗನ ಪರವಾಗಿ ನಿಲ್ಲುವುದು ಬೋಧಕವೃತ್ತಿಯ ಹೊರಗಿನ ಕೆಲಸವೆಂದು ಯಾರೂ ಹೇಳಲಾರರು.