ಹಬ್ಬದ ಊಟ ರಸೀತಿಯಲ್ಲ

ಕಳೆದ ವರ್ಷ ಡಿಸೆಂಬರ್ 24ರ ಸಂಜೆ ಅತ್ತೆ ಬಂದರು, ಮೂರು ವರ್ಷಗಳ ಮೇಲೆ. ನಾನೂ ತಮ್ಮನೂ ಜಗುಲಿಯ ಮೂಲೆಯಲ್ಲಿ ಗೋದಲಿ ಕಟ್ಟುತ್ತಿದ್ದೆವು. ಹತ್ತು ದಿನ ಮೊದಲೇ ತೆಂಗಿನ ಚಿಪ್ಪುಗಳಲ್ಲಿ ಚೆಲ್ಲಿದ್ದ ರಾಗಿ ಬೆರಳುದ್ದ ಹಸಿರಾಗಿ ಎದ್ದಿತ್ತು. ಅದನ್ನು ಹುಲ್ಲುಗಾವಲು ಮಾಡಿ ನಡುವೆ ಮಣ್ಣಿನ ಕುರಿಗಳನ್ನು ನಿಲ್ಲಿಸುತ್ತಿದ್ದಾಗ ಗೇಟು ಕಿರ್ರೆಂದಿತು. ಅತ್ತೆಯ ಕೈಯಲ್ಲಿ ಕಜ್ಜಾಯದ ಸ್ಟೀಲ್ ಡಬ್ಬಿ. ದೊಡ್ಡಪ್ಪ "ಬಾರವ್ವ" ಅಂದರು. ಅಪ್ಪ ಬ್ಯಾಗು ಇಸಿದುಕೊಂಡು ಒಳಗಿಟ್ಟರು. ಅಜ್ಜಿ ಏನೂ ಹೇಳದೆ ಅತ್ತೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಎಲ್ಲರೂ ಎಂದಿಗಿಂತ ಸ್ವಲ್ಪ ಜೋರಾಗಿ ಮಾತಾಡತೊಡಗಿದರು.

ನಮ್ಮದು ಹಾಸನ ಜಿಲ್ಲೆ. ಇಲ್ಲಿನ ಕ್ರೈಸ್ತರು ಎಂದರೆ ಹೊರಗಿನವರಿಗೆ ನೆನಪಾಗುವುದು ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಪಾಳು ಚರ್ಚು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ಕಟ್ಟಡ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ತೇಲುತ್ತದೆ. ಜನ ಹೋಗಿ ಫೋಟೊ ತೆಗೆಯುತ್ತಾರೆ. ಫೋಟೊಗೆ ಸಿಗದ ನಾವು ರಾಗಿ, ಜೋಳ, ಆಲೂಗೆಡ್ಡೆ ಬೆಳೆದುಕೊಂಡು, ಮನೆಯಲ್ಲಿ ಕನ್ನಡ ಮಾತಾಡಿಕೊಂಡು ಇದ್ದೇವೆ. ನಮ್ಮ ಮನೆಯ ಕ್ರಿಸ್‌ಮಸ್ಸಿನಲ್ಲಿ ಮಧ್ಯರಾತ್ರಿಯ ಬಲಿಪೂಜೆ ಇರುತ್ತದೆ, ಬೆಳಗ್ಗೆ ಇಡ್ಲಿಗೆ ನಾಟಿಕೋಳಿ ಸಾರು ಇರುತ್ತದೆ, ಜಮೀನಿನ ಜಗಳವೂ ಇರುತ್ತದೆ. ಈ ಕೊನೆಯದರಲ್ಲಿ ನಾವು ನೆರೆಹೊರೆಯ ಯಾವ ಮನೆಗೂ ಕಡಿಮೆಯಿಲ್ಲ.

ಅಜ್ಜ ಉಯಿಲು ಬರೆಯದೆ ತೀರಿಕೊಂಡರು. ಇದ್ದದ್ದು ನಾಲ್ಕೂವರೆ ಎಕರೆ. ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಅದರ ಲೆಕ್ಕ ಸರಳ. ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದದ್ದು ಮಕ್ಕಳಿಗೆ ಸಮ ಸಮ. ಗಂಡು ಹೆಣ್ಣೆಂಬ ಭೇದವಿಲ್ಲ. ಅಜ್ಜಿಗೆ ಒಂದೂವರೆ ಎಕರೆ, ದೊಡ್ಡಪ್ಪ, ಅಪ್ಪ, ಅತ್ತೆ ಮೂವರಿಗೂ ಒಂದೊಂದು ಎಕರೆ. ಅಂದರೆ ಅತ್ತೆಯ ಪಾಲು 40 ಗುಂಟೆ. ಆದರೆ ವರ್ಷ ತುಂಬುವುದರೊಳಗೆ ಅತ್ತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. "ಮದುವೆಗೆ ಖರ್ಚು ಮಾಡಿದ್ದೀವಲ್ಲ" ಎಂದರು. ಆಮೇಲೆ ಯಾರೋ ಒಬ್ಬರು, ಯಾರು ಎಂಬುದು ಈಗ ಯಾರಿಗೂ ನೆನಪಿಲ್ಲ, ನಮ್ಮ ಕಡೆ ಹೆಣ್ಣುಮಕ್ಕಳೆಲ್ಲ ಒಂದಲ್ಲ ಒಂದು ದಿನ ಕೇಳಿಸಿಕೊಳ್ಳುವ ಪ್ರಶ್ನೆಯನ್ನು ಕೇಳಿದರು: "ತವರು ಬೇಕೋ, ಪಾಲು ಬೇಕೋ?"

ಅತ್ತೆ ತವರು ಬೇಕೆಂದರು. ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಕಜ್ಜಾಯ ಹೊತ್ತು ಬಂದರು. ನಾಲ್ಕು ವರ್ಷದ ಹಿಂದೆ ಮಾವನಿಗೆ ಆಪರೇಷನ್ ಆಗಬೇಕಾದಾಗ ಅಣ್ಣಂದಿರ ಹತ್ತಿರ ದುಡ್ಡು ಕೇಳಿದರು. "ಸಹಿ ಹಾಕಿದ್ದೀಯಲ್ಲ" ಎಂಬ ಉತ್ತರ ಬಂತು. ಆಮೇಲೆ ಮೂರು ಹಬ್ಬಕ್ಕೆ ಅತ್ತೆ ಬರಲಿಲ್ಲ.

ಈ ಕತೆಯಲ್ಲಿ ನಾನು ನೋಡುಗಳಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅತ್ತೆಯ 40 ಗುಂಟೆ ಅಣ್ಣಂದಿರಿಬ್ಬರಿಗೆ 20-20 ಗುಂಟೆಯಾಗಿ ಹೋಯಿತು. ಅಪ್ಪ ಮರುವರ್ಷವೇ 20 ಗುಂಟೆ ಮಾರಿ ನನ್ನನ್ನು ಎಂ.ಎ. ಓದಲು ಕಳಿಸಿದರು. ನಾನು ಓದಿದ್ದು ತತ್ತ್ವಶಾಸ್ತ್ರ. ಈಗ ಪಿಎಚ್.ಡಿ. ಮಾಡುತ್ತಿರುವುದು ನೀತಿಶಾಸ್ತ್ರದಲ್ಲಿ. ನಗು ಬಂದರೆ ನಕ್ಕುಬಿಡಿ. ನನಗೂ ಕೆಲವು ಸಲ ಬರುತ್ತದೆ.

ಆ ರಾತ್ರಿ ನಾವು ಹನ್ನೆರಡು ಜನ ಒಟ್ಟಿಗೆ ಚರ್ಚಿಗೆ ಹೋಗಿ ಬಂದೆವು. ಮಾರನೆಯ ದಿನ ಸಾಲಾಗಿ ಕೂತು ಉಂಡೆವು. ದೊಡ್ಡಪ್ಪ ತಂಗಿಯ ಎಲೆಗೆ ತಾವೇ ಕೋಳಿಯ ಈಲಿ ಹಾಕಿದರು. ಅತ್ತೆ "ಸಾಕಣ್ಣ" ಎಂದರು. ನನಗೆ ತುತ್ತು ಇಳಿಯಲಿಲ್ಲ. ಇಲ್ಲಿ ಎಲ್ಲರೂ ನಾಟಕ ಆಡುತ್ತಿದ್ದಾರೆ ಅನ್ನಿಸಿತು. ಮನಸ್ಸಿನಲ್ಲಿ ಸಿಟ್ಟಿಟ್ಟುಕೊಂಡು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು ಸುಳ್ಳಲ್ಲವೇ?

ಈ ಪ್ರಶ್ನೆಗೆ ಕಾಂಟ್‌ನಿಂದ ಕಟುವಾದ ಉತ್ತರ ಬರುತ್ತದೆಂದು ನಾವು ನಿರೀಕ್ಷಿಸುತ್ತೇವೆ. ಕೊಲೆಗಾರನಿಗೂ ಸುಳ್ಳು ಹೇಳಬಾರದೆಂದ ಮನುಷ್ಯ ಅವನು. ಆದರೆ 1798ರಲ್ಲಿ ಪ್ರಕಟವಾದ ಅವನ ಮಾನವಶಾಸ್ತ್ರದ ಪುಸ್ತಕದಲ್ಲಿ ಮೆತ್ತಗಿನ ಮಾತೊಂದಿದೆ. ವಿನಯ, ಉಪಚಾರಗಳು ಚಿಲ್ಲರೆ ನಾಣ್ಯದ ಹಾಗೆ, ಚಿನ್ನವಲ್ಲವೆಂದು ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿ ಯಾರೂ ಮೋಸಹೋಗುವುದಿಲ್ಲ ಎನ್ನುತ್ತಾನೆ. ಸದ್ಗುಣದ ವೇಷ ತೊಡುತ್ತಾ ತೊಡುತ್ತಾ ಸದ್ಗುಣವೇ ಎಚ್ಚರಗೊಳ್ಳಬಹುದು ಎಂಬ ನಂಬಿಕೆಯೂ ಅವನಿಗಿತ್ತು. ಅವನಿಗಿಂತ ಎರಡು ಸಾವಿರ ವರ್ಷ ಮೊದಲೇ ಅರಿಸ್ಟಾಟಲ್, ನ್ಯಾಯದ ಕೆಲಸ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂದಿದ್ದ. ಹಾಗೆ ನೋಡಿದರೆ ದೊಡ್ಡಪ್ಪ ಹಾಕಿದ ಈಲಿಯ ತುಂಡು ಸುಳ್ಳಲ್ಲ. ಪ್ರೀತಿ ಇಲ್ಲದ ಕಡೆ ಪ್ರೀತಿಯ ಅಭ್ಯಾಸ ಅದು. ಅಭ್ಯಾಸವೂ ನಿಂತುಹೋದ ಮನೆಗಳನ್ನು ನಾನು ನೋಡಿದ್ದೇನೆ. ಅಲ್ಲಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲ ಮೇಲೆ ಮಾತ್ರ ಮುಖ ನೋಡುತ್ತಾರೆ.

ಇಷ್ಟಕ್ಕೆ ಸಮಾಧಾನಪಟ್ಟುಕೊಳ್ಳುತ್ತಿದ್ದೆನೋ ಏನೋ. ಊಟದ ನಡುವೆ ದೊಡ್ಡಮ್ಮ ಅತ್ತೆಯ ಭುಜ ಸವರಿ, "ಬಂದಿದ್ದು ಒಳ್ಳೇದಾಯ್ತು ಕಣೆ. ಕ್ರಿಸ್‌ಮಸ್ ಅಲ್ವಾ, ಎಲ್ಲ ಮರೆತುಬಿಡು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅತ್ತೆ ನಕ್ಕರು. ಅಪ್ಪನ ಮುಖದಲ್ಲಿ ಹಗುರಾದ ಭಾವವೊಂದು ಬಂದು ಹೋದದ್ದನ್ನು ನಾನು ಕಂಡೆ. ಸಾಲ ವಜಾ ಆದವನ ಮುಖ.

ಕ್ಷಮೆಯ ಬಗ್ಗೆ ಹಾನಾ ಅರೆಂಟ್ 1958ರ 'ದಿ ಹ್ಯೂಮನ್ ಕಂಡಿಷನ್' ಪುಸ್ತಕದಲ್ಲಿ ಬರೆದದ್ದನ್ನು ನಾನು ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ. ಮಾಡಿದ್ದನ್ನು ಮಾಡಲಿಲ್ಲವೆಂದು ಮಾಡಲಾಗದು. ಕ್ಷಮೆಯೊಂದೇ ನಮ್ಮನ್ನು ಹಿಂದಿನ ಕೃತ್ಯದ ಸರಪಳಿಯಿಂದ ಬಿಡಿಸಿ ಹೊಸದಾಗಿ ಆರಂಭಿಸಲು ಬಿಡುತ್ತದೆ ಎಂಬುದು ಅದರ ಸಾರ. ದೊಡ್ಡ ಮಾತು, ನಿಜವಾದ ಮಾತು. ಆದರೆ ಊಟದ ಎಲೆಯ ಮುಂದೆ ಕೂತಾಗ ಅದರೊಳಗೊಂದು ಷರತ್ತು ಅಡಗಿರುವುದು ನನಗೆ ಕಂಡಿತು. ಕ್ಷಮಿಸಬೇಕಾದ ಕೃತ್ಯ ಮುಗಿದಿರಬೇಕು. ಸಿಟ್ಟಿನಲ್ಲಿ ಆಡಿದ ಮಾತು ಆಡಿ ಮುಗಿಯುತ್ತದೆ. ಹೊಲ ಹಾಗಲ್ಲ. ಪ್ರತಿ ವರ್ಷ ಪಹಣಿಯಲ್ಲಿ ಹೆಸರು ಬರುತ್ತದೆ, ಪ್ರತಿ ಸುಗ್ಗಿಯಲ್ಲಿ ರಾಗಿ ಮನೆಗೆ ಬರುತ್ತದೆ. ನಡೆಯುತ್ತಲೇ ಇರುವುದನ್ನು ಕ್ಷಮಿಸು ಎಂದರೆ ಅದನ್ನು ಕ್ಷಮೆ ಎನ್ನಲಾಗದು; ಅದು ಮುಂದುವರಿಸಲು ಕೊಟ್ಟ ಒಪ್ಪಿಗೆ. ಅತ್ತೆ ಅಂಥ ಒಪ್ಪಿಗೆಯನ್ನು ಆಗಲೇ ಒಮ್ಮೆ ಛಾಪಾ ಕಾಗದದ ಮೇಲೆ ಕೊಟ್ಟಿದ್ದರು. ಈಗ ಹಬ್ಬದ ಹೆಸರಿನಲ್ಲಿ ಎರಡನೆಯ ಸಹಿ ಕೇಳಿದಂತಾಯಿತು.

ನಮ್ಮದೇ ಸುವಾರ್ತೆ ಈ ವಿಷಯದಲ್ಲಿ ನಮಗಿಂತ ನಿಷ್ಠುರವಾಗಿದೆ. ಕಾಣಿಕೆ ತೆಗೆದುಕೊಂಡು ಪೀಠದ ಮುಂದೆ ನಿಂತಾಗ ನಿನ್ನ ಸೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂಬ ಬೋಧನೆ ಮತ್ತಾಯನಲ್ಲಿದೆ. ಇದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಹೊರಡಬೇಕಾದವರು ಯಾರು ಎಂಬುದನ್ನು ಮಾತ್ರ ಗಮನಿಸಿರಲಿಲ್ಲ. ನಿನಗೆ ಅವನ ಮೇಲೆ ಮನಸ್ತಾಪವಿದ್ದರೆ ಎಂದು ಅಲ್ಲಿಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ ಎಂದಿದೆ. ನೋಯಿಸಿದವನು ನೊಂದವರ ಮನೆ ಬಾಗಿಲಿಗೆ ನಡೆದುಹೋಗಬೇಕು. ನಮ್ಮ ಮನೆಯಲ್ಲಿ ನೊಂದವರೇ ಎರಡು ಬಸ್ಸು ಬದಲಿಸಿ, ಕಜ್ಜಾಯ ಸುಟ್ಟುಕೊಂಡು, ನೋಯಿಸಿದವರ ಬಾಗಿಲಿಗೆ ಬಂದಿದ್ದರು.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಕತೆಯೂ ಇದೆ. ಲೂಕನ ಸುವಾರ್ತೆಯ ಜಕ್ಕಾಯ ಸುಂಕ ವಸೂಲಿಗಾರರ ಮುಖ್ಯಸ್ಥ. ಜನರಿಂದ ಕಿತ್ತು ತಿಂದವನೆಂದು ಊರಿಗೆಲ್ಲ ಗೊತ್ತು. ಅವನು ಏನನ್ನೂ ಹಿಂದಿರುಗಿಸುವ ಮೊದಲೇ ಯೇಸು ಅವನ ಮನೆಗೆ ಅತಿಥಿಯಾಗಿ ಹೋಗುತ್ತಾನೆ. ಊರಿನವರು ಗೊಣಗುತ್ತಾರೆ. ಇಲ್ಲಿ ಮೊದಲು ಅತಿಥಿ, ಆಮೇಲೆ ಲೆಕ್ಕ. ಹಾಗಾದರೆ ದೊಡ್ಡಮ್ಮ ಹೇಳಿದ್ದೇ ಸರಿಯೇ? ಕತೆ ಅಲ್ಲಿಗೆ ಮುಗಿಯುವುದಿಲ್ಲ. ಜಕ್ಕಾಯ ಎದ್ದು ನಿಂತು ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿ, ಮೋಸದಿಂದ ಪಡೆದದ್ದಿದ್ದರೆ ನಾಲ್ಕರಷ್ಟು ಹಿಂದಿರುಗಿಸುವುದಾಗಿ ಹೇಳುತ್ತಾನೆ. ಅವನನ್ನು ಯಾರೂ ಕೇಳಿರಲಿಲ್ಲ. ಅತಿಥಿ ಮನೆಗೆ ಬಂದದ್ದೇ ಅವನನ್ನು ಎಬ್ಬಿಸಿ ನಿಲ್ಲಿಸಿತು.

ಎರಡು ಕತೆಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನ್ನ ಪ್ರಶ್ನೆ ಬದಲಾಯಿತು. ಕ್ಷಮೆಯಿಲ್ಲದೆ ಒಟ್ಟಿಗೆ ಉಣ್ಣುವುದು ಸುಳ್ಳೇ ಎಂದು ಕೇಳುತ್ತಿದ್ದೆ. ಈಗ ಕೇಳಬೇಕಾದದ್ದು, ಆ ಊಟವನ್ನು ಯಾರು ಏನೆಂದು ತೆಗೆದುಕೊಳ್ಳುತ್ತಾರೆ ಎಂಬುದನ್ನು. ಸಾಲಗಾರ ಅದನ್ನು ರಸೀತಿ ಎಂದು ಜೇಬಿಗಿಳಿಸಿದರೆ ಆ ಊಟ ಸುಳ್ಳಾಗುತ್ತದೆ. ತೀರಿಸಲು ಸಿಕ್ಕ ಇನ್ನೊಂದು ಅವಕಾಶವೆಂದು ತಿಳಿದರೆ, ಇನ್ನೂ ಕ್ಷಮೆ ಹುಟ್ಟದಿದ್ದರೂ ಅದು ನಿಜವಾದ ಊಟವೇ. ಅದು ನಿಜವೋ ಸುಳ್ಳೋ ಎಂಬುದು ಅತ್ತೆಯ ನಗುವಿನಿಂದ ತೀರ್ಮಾನವಾಗುವುದಲ್ಲ, ನಾವು ಎದ್ದು ನಿಲ್ಲುತ್ತೇವೋ ಇಲ್ಲವೋ ಎಂಬುದರಿಂದ ಆಗುವುದು.

ಸಂಜೆ ಹಿತ್ತಲಿನಲ್ಲಿ ಅತ್ತೆಯೂ ನಾನೂ ಪಾತ್ರೆ ತಿಕ್ಕುತ್ತಿದ್ದೆವು. ಅವರು ತಿಕ್ಕಿ ಕೊಟ್ಟದ್ದನ್ನು ನಾನು ತೊಳೆದು ಬೋರಲು ಹಾಕುತ್ತಿದ್ದೆ. ಸುತ್ತಿ ಬಳಸಿ ಹೇಳಲು ಗೊತ್ತಾಗಲಿಲ್ಲ.

"ಅತ್ತೆ, ನನ್ನ ಫೀಸು, ಹಾಸ್ಟೆಲ್ ದುಡ್ಡು ಎಲ್ಲ ಆ ಇಪ್ಪತ್ತು ಗುಂಟೆದು. ನಂಗೆ ಗೊತ್ತು."

ಅವರ ಕೈ ನಿಲ್ಲಲಿಲ್ಲ. "ನಂಗೂ ಗೊತ್ತು ಮಗ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನೀನು ಓದಿದ್ದಕ್ಕೆ ಬೇಜಾರಿಲ್ಲ. ಕೇಳಿ ತಗೊಂಡಿದ್ರೆ ಕೊಡ್ತಿದ್ದೆ" ಎಂದರು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಅಂದರು: "ಅಮ್ಮಂಗೆ ಎಂಬತ್ನಾಲ್ಕು. ಅದಕ್ಕೆ ಬಂದೆ. ಮರೆತು ಬಂದಿಲ್ಲ."

ನನಗೆ ಕ್ಷಮೆ ಸಿಗಲಿಲ್ಲ. ನಾನು ಕೇಳಲೂ ಇಲ್ಲ. ಆದರೆ ಆ ಮನೆಯಲ್ಲಿ ಆ ದಿನ ನಾನು ಆಡಿದ ಮೊದಲ ನಿಜದ ಮಾತು ಅದು. ಅದಾದ ಮೇಲೆ ನಾವಿಬ್ಬರೂ ಹಗುರಾಗಿ ಮಾತಾಡಿದೆವು, ಮಾವನ ಆರೋಗ್ಯ, ನನ್ನ ಥೀಸಿಸ್ಸು, ಕಜ್ಜಾಯದ ಪಾಕ ಇತ್ಯಾದಿ. ದೊಡ್ಡಮ್ಮ ಹೇಳಿದ ಮರೆವಿನಿಂದ ಬರದಿದ್ದ ಸಲಿಗೆ ನೆನಪನ್ನು ಬಾಯಿಬಿಟ್ಟು ಹೇಳಿದ್ದರಿಂದ ಬಂತು.

ಎರಡು ದಿನ ಬಿಟ್ಟು ಅಪ್ಪನ ಹತ್ತಿರ ಮಾತೆತ್ತಿದೆ. "ಹಬ್ಬದ ಹೊತ್ತಲ್ಲಿ ಯಾಕೀ ಮಾತು?" ಎಂದರು. ಹಬ್ಬ ಬಿಟ್ಟು ಬೇರೆ ಹೊತ್ತಿನಲ್ಲಿ ನಾವು ಸೇರುವುದೇ ಇಲ್ಲವಲ್ಲ ಎಂದೆ. ಅಪ್ಪ ಕೆಟ್ಟವರಲ್ಲ. ಊರೆಲ್ಲ ಮಾಡಿದ್ದನ್ನು ಮಾಡಿದರು, ಬಂದ ದುಡ್ಡನ್ನು ಮಗಳ ಓದಿಗೆ ಹಾಕಿದರು. ಆದರೆ ತಂಗಿಗೆ ಕೇಳಿದ ಪ್ರಶ್ನೆಯನ್ನು ನಾಳೆ ನನಗೂ ಯಾರಾದರೂ ಕೇಳಬಹುದೆಂಬುದು ಅವರಿಗೆ ಹೊಳೆದಿರಲಿಲ್ಲ. "ನಂಗೂ ತಮ್ಮ ಇದ್ದಾನಪ್ಪ" ಎಂದಾಗ ಅವರು ತಲೆ ಎತ್ತಿ ನೋಡಿದರು.

ಅಜ್ಜಿಯ ಒಂದೂವರೆ ಎಕರೆ ಇನ್ನೂ ಅಜ್ಜಿಯ ಹೆಸರಿನಲ್ಲೇ ಇದೆ. ನಾನು ಅಪ್ಪನ ಮುಂದೆ ಒಂದು ಹಾಳೆಯ ಮೇಲೆ ಲೆಕ್ಕ ಬರೆದೆ. ಅದು 60 ಗುಂಟೆ. ಮುಂದೆ ಮೂವರು ಮಕ್ಕಳಿಗೆ ತಲಾ 20. ಅಣ್ಣಂದಿರಿಬ್ಬರೂ ತಮ್ಮ 20-20 ಗುಂಟೆಯನ್ನು ತಂಗಿಗೆ ಬಿಟ್ಟರೆ 40 ಆಗುತ್ತದೆ, ಅಂದು ಅವಳಿಂದ ಬಂದದ್ದು ಎಷ್ಟೋ ಅಷ್ಟೇ. ಅಜ್ಜಿ ಈಗಲೇ ಉಯಿಲು ಬರೆದರೂ ಆಗುತ್ತದೆ. ಜಕ್ಕಾಯನ ನಾಲ್ಕರಷ್ಟು ನಮಗೆ ಸಾಧ್ಯವಿಲ್ಲ, ಒಂದರಷ್ಟಾದರೂ ಆಗಲಿ. ಅಪ್ಪ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಅಣ್ಣನ್ನ ಕೇಳ್ಬೇಕು" ಎಂದು ಮಡಚಿ ಪಹಣಿಗಳ ಫೈಲಿನಲ್ಲಿಟ್ಟರು.

ಹಾಳೆ ಇನ್ನೂ ಆ ಫೈಲಿನಲ್ಲಿದೆ. ದೊಡ್ಡಪ್ಪನನ್ನು ಕೇಳಿದ್ದಾರೋ ಇಲ್ಲವೋ ಅಪ್ಪ ಹೇಳಿಲ್ಲ. ಈ ಡಿಸೆಂಬರಿನಲ್ಲೂ ಚಿಪ್ಪಿನಲ್ಲಿ ರಾಗಿ ಚೆಲ್ಲುತ್ತೇವೆ, ಅತ್ತೆ ಬರಬಹುದು. ಹೋದ ವಾರ ಫೋನಿನಲ್ಲಿ ಅಪ್ಪನಿಗೆ ಒಂದೇ ಮಾತು ಹೇಳಿದೆ: ಈ ಸಲ ಅತ್ತೆ ಬಸ್ಸು ಹತ್ತುವ ಮೊದಲು ನೀವಿಬ್ಬರೂ ಅವರ ಮನೆಗೆ ಹೋಗಿಬನ್ನಿ.